ಗೂಗಲ್‌ಗೆ ಬರೆಯಿರಿ ಎನ್ನಬೇಡಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ಸುದ್ದಿತಾಣ ನಡೆಸುತ್ತಿರುವ ಸಂಪಾದಕ ಮಿತ್ರರಿಗೆ,



ನಿಮ್ಮ ತಾಣಗಳಲ್ಲಿ ಉಳಿದುಹೋಗಿರುವ ಹಳೆಯ 'ಕಾಣೆಯಾಗಿದ್ದಾರೆ' ಪ್ರಕಟಣೆಗಳನ್ನು ತೆಗೆಯಿರಿ ಎಂದು ಕೇಳಿಕೊಳ್ಳಲು ಈ ಪತ್ರ. ತೆಗೆಯಬೇಕಾದ, ತಿದ್ದಬೇಕಾದ ಬೇರೆ ಬಗೆಯ ಸುದ್ದಿಗಳೂ ಇವೆ, ಅವನ್ನೂ ಹೇಳುತ್ತೇನೆ. ಆದರೆ ಮೊದಲು ಇದು, ಯಾಕೆಂದರೆ ವಾಮದಪದವಿನ ನನ್ನ ಜೆರಾಕ್ಸ್, ಆನ್‌ಲೈನ್ ಅರ್ಜಿಯ ಅಂಗಡಿಗೆ ಜನ ಅತಿ ಹೆಚ್ಚು ಸಂಕಟ ಹೊತ್ತು ಬರುವುದು ಇದೇ ವಿಷಯಕ್ಕೆ.

ಪ್ರಕಟಣೆಯ ಧಾಟಿ ನಿಮಗೆಲ್ಲ ಬಾಯಿಪಾಠವೇ ಇರುತ್ತದೆ. ಹೆಸರು, ವಯಸ್ಸು, ತಂದೆಯ ಹೆಸರು, ಗ್ರಾಮ, ಮನೆ ಹೆಸರು. ಎತ್ತರ ಇಷ್ಟು, ಗೋಧಿ ಮೈಬಣ್ಣ, ದುಂಡು ಮುಖ, ಕನ್ನಡ ಮತ್ತು ತುಳು ಮಾತನಾಡುತ್ತಾಳೆ, ಮನೆಯಿಂದ ಹೋಗುವಾಗ ಇಂಥ ಬಣ್ಣದ ಚೂಡಿದಾರ ಧರಿಸಿದ್ದಳು. ಸುಳಿವು ಸಿಕ್ಕಿದವರು ಠಾಣೆಗೆ ತಿಳಿಸಬೇಕು. ಮೇಲೆ ಕಾಲೇಜಿನ ಗುರುತು ಚೀಟಿಯಿಂದ ತೆಗೆದ ಫೋಟೊ. ಠಾಣೆಯಿಂದ ವಾಟ್ಸ್‌ಆ್ಯಪ್‌ಗೆ ಬಂದದ್ದನ್ನು ನೀವು ಹಾಗೆಯೇ ಹಾಕುತ್ತೀರಿ. ಹಾಕಲೇಬೇಕು. ಅವತ್ತು ಆ ಮನೆಯವರಿಗೆ ನಿಮ್ಮಿಂದಾಗುವ ಉಪಕಾರ ದೊಡ್ಡದು. ಆದರೆ ಅವಳು ಮನೆಗೆ ಬಂದಳೆಂಬ ಸುದ್ದಿಯನ್ನು ನಿಮಗೆ ಯಾರೂ ಕಳಿಸುವುದಿಲ್ಲ.

ಪರೀಕ್ಷೆಯಲ್ಲಿ ಫೇಲಾಗಿ, ಹೆದರಿ, ಯಾರಿಗೂ ಹೇಳದೆ ದೊಡ್ಡಮ್ಮನ ಮನೆಗೆ ಬಸ್ಸು ಹತ್ತಿದ್ದ ಹುಡುಗಿಯೊಬ್ಬಳ ವಿಷಯ ಹೇಳುತ್ತೇನೆ. ಎರಡು ದಿನದಲ್ಲಿ ವಾಪಸು ಬಂದಳು. ಠಾಣೆಯಲ್ಲಿ ಹೇಳಿಕೆ ಕೊಟ್ಟಳು, ಪ್ರಕರಣ ಅಲ್ಲಿಗೇ ಮುಗಿಯಿತು. ಮುಂದೆ ಓದಿದಳು, ಬೆಂಗಳೂರಿನಲ್ಲಿ ಕೆಲಸವೂ ಸಿಕ್ಕಿತು. ಮದುವೆಯ ಮಾತುಕತೆ ಶುರುವಾದಾಗ ಹುಡುಗನ ಕಡೆಯವರು ಅವಳ ಹೆಸರು, ಊರು ಹಾಕಿ ಗೂಗಲ್‌ನಲ್ಲಿ ಹುಡುಕಿದರು. ಮೊದಲು ಬಂದದ್ದೇ ಆ ಫೋಟೊ, 'ಯುವತಿ ನಾಪತ್ತೆ' ಎಂಬ ತಲೆಬರಹ. ಅವರು ಏನೂ ಕೇಳಲಿಲ್ಲ, ಫೋನು ಮಾಡುವುದನ್ನು ನಿಲ್ಲಿಸಿದರು, ಅಷ್ಟೆ. ಕೇಳಿದ್ದರೆ ದೊಡ್ಡಮ್ಮನ ಮನೆಯ ಕಥೆ ಹೇಳಬಹುದಿತ್ತು.

ಅವಳ ತಾಯಿ ನನ್ನಲ್ಲಿಗೆ ಬಂದು, "ಇದನ್ನೊಂದು ಗೂಗಲ್‌ನಿಂದ ತೆಗೆಸಿಕೊಡಿ ಅಣ್ಣ" ಎಂದರು. ಸುದ್ದಿ ಹಾಕಿದ್ದ ತಾಣದ ನಂಬರಿಗೆ ನಾನೇ ಫೋನು ಮಾಡಿದೆ. ಆ ಕಡೆಯವರು ಮರ್ಯಾದೆಯಿಂದಲೇ ಮಾತಾಡಿದರು. "ಅದು ಗೂಗಲ್‌ನಲ್ಲಿ ಬರುವುದಲ್ವಾ, ನಮ್ಮ ಕೈಯಲ್ಲಿ ಏನಿಲ್ಲ, ನೀವು ಗೂಗಲ್‌ಗೆ ಬರೆಯಿರಿ" ಎಂದರು. ಇದೇ ಉತ್ತರವನ್ನು ನಾನು ಬೇರೆ ಕಡೆಗಳಿಂದಲೂ ಕೇಳಿದ್ದೇನೆ. ಹೇಳುವವರು ಹಾಗೆಂದು ನಂಬಿಯೇ ಹೇಳುತ್ತಾರೆ, ಯಾರನ್ನೂ ಸಾಗಹಾಕುವ ಉದ್ದೇಶ ಅವರಿಗಿರುವುದಿಲ್ಲ. ಆದರೆ ಆ ನಂಬಿಕೆ ತಪ್ಪು, ಮತ್ತು ಅದರಿಂದ ಒಂದು ಮನೆಯ ಜನ ವರ್ಷಗಟ್ಟಲೆ ತಲೆ ತಗ್ಗಿಸಿ ನಡೆಯುವ ಹಾಗಾಗುತ್ತದೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಬೇಸರಿಸಬೇಡಿ.

ಗೂಗಲ್ ನಿಮ್ಮ ಸುದ್ದಿಯನ್ನು ಬರೆದದ್ದಲ್ಲ, ಇಟ್ಟುಕೊಂಡದ್ದೂ ಅಲ್ಲ. ಅದರ ಯಂತ್ರ ಆಗಾಗ ನಿಮ್ಮ ತಾಣಕ್ಕೆ ಬಂದು ಪುಟ ಓದಿ, ಯಾವ ಪದ ಯಾವ ಪುಟದಲ್ಲಿದೆ ಎಂದು ತನ್ನ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ಯಾರಾದರೂ ಆ ಪದ ಹುಡುಕಿದರೆ ನಿಮ್ಮ ಪುಟ ತೋರಿಸುತ್ತದೆ. ಪುಟ ಇರುವವರೆಗೆ ಅದು ಪಟ್ಟಿಗೆ ಮತ್ತೆ ಮತ್ತೆ ಸೇರುತ್ತಲೇ ಇರುತ್ತದೆ. ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ 'ರಿಮೂವಲ್ಸ್' ಎಂಬ ಸೌಲಭ್ಯ ಇರುವುದು ನಿಜ, ಆದರೆ ಅದನ್ನು ಬಳಸುವ ಅಧಿಕಾರ ತಾಣದ ಒಡೆಯರಿಗೆ ಮಾತ್ರ, ಆ ತಾಯಿಗಲ್ಲ. ಅದೂ ಸುಮಾರು 6 ತಿಂಗಳ ಮಟ್ಟಿಗೆ ಮರೆಮಾಡುತ್ತದೆ, ಅಷ್ಟೆ. ಅಷ್ಟರೊಳಗೆ ಮೂಲ ಪುಟವನ್ನು ನೀವು ಸರಿಮಾಡದಿದ್ದರೆ ಅದೇ ಫೋಟೊ, ಅದೇ ತಲೆಬರಹ ವಾಪಸು ಬರುತ್ತದೆ. ಶಾಶ್ವತವಾಗಿ ತೆಗೆಯುವ ಕೀಲಿ ನಿಮ್ಮ ಲಾಗಿನ್‌ನಲ್ಲಿದೆ.

ಕೇಳಿಕೊಂಡರೆ ಗೂಗಲ್ ತಾನೇ ತೆಗೆಯುವ ಕೆಲವು ಸಂಗತಿಗಳಿವೆ. ಫೋನ್ ನಂಬರು, ಮನೆ ವಿಳಾಸ, ಬ್ಯಾಂಕ್ ಖಾತೆಯ ಸಂಖ್ಯೆ, ಸಹಿಯ ಚಿತ್ರ, ಒಪ್ಪಿಗೆಯಿಲ್ಲದೆ ಹರಡಿದ ಅಶ್ಲೀಲ ಚಿತ್ರ, ಇಂಥವಕ್ಕೆ ಯಾರು ಬೇಕಾದರೂ ಅರ್ಜಿ ಹಾಕಬಹುದು. ಐರೋಪ್ಯ ಒಕ್ಕೂಟದ ಜನರಿಗೆ ಇನ್ನೂ ಒಂದು ಹಕ್ಕಿದೆ. ಸ್ಪೇನಿನ ಮಾರಿಯೊ ಕೊಸ್ತೇಹಾ ಎಂಬವರ ಆಸ್ತಿ ಸಾಲಕ್ಕಾಗಿ ಹರಾಜಿಗೆ ಬಂದಿದೆ ಎಂಬ 1998ರ ಪತ್ರಿಕಾ ಪ್ರಕಟಣೆ, ಸಾಲದ ವಿಚಾರ ಮುಗಿದು ವರ್ಷಗಳಾದ ಮೇಲೂ ಅವರ ಹೆಸರು ಹುಡುಕಿದಾಗ ಬರುತ್ತಿತ್ತು. 2014ರ ಮೇ 13ರಂದು ಐರೋಪ್ಯ ನ್ಯಾಯಾಲಯ, ಹೆಸರು ಹಾಕಿದಾಗ ಇಂಥ ಹಳಸಿದ ಫಲಿತಾಂಶ ಬರುತ್ತಿದ್ದರೆ ಅದನ್ನು ಕಿತ್ತುಹಾಕುವ ಹೊಣೆ ಗೂಗಲ್‌ನದೂ ಹೌದು ಎಂದು ತೀರ್ಪಿತ್ತಿತು. ಅಲ್ಲಿಯವರಿಗೆ ಅದಕ್ಕಾಗಿಯೇ ಒಂದು ಅರ್ಜಿ ನಮೂನೆ ಇದೆ. ಬಂಟ್ವಾಳದವರಿಗೆ ಆ ನಮೂನೆ ಇಲ್ಲ. ಇಲ್ಲಿ ನಮಗೆ ಉಳಿದಿರುವುದು ಎರಡೇ ದಾರಿ, ಒಂದು ನ್ಯಾಯಾಲಯ, ಇನ್ನೊಂದು ನೀವು.

ನ್ಯಾಯಾಲಯದ ದಾರಿ ಹಿಡಿದ ತಂದೆಯೊಬ್ಬರು ನಮ್ಮ ರಾಜ್ಯದಲ್ಲೇ ಇದ್ದಾರೆ. ಅವರ ಮಗಳು ಹಿಂದೊಮ್ಮೆ ಒಬ್ಬನ ಮೇಲೆ ದೂರು ಕೊಟ್ಟಿದ್ದಳು, ಆಮೇಲೆ ರಾಜಿಯಾಗಿ ಹೈಕೋರ್ಟಿನಲ್ಲಿ ಪ್ರಕರಣ ರದ್ದಾಗಿತ್ತು. ಆದರೆ ಆ ಆದೇಶದಲ್ಲಿ ಮಗಳ ಹೆಸರಿತ್ತು, ಹೆಸರು ಹುಡುಕಿದರೆ ಆದೇಶ ಬರುತ್ತಿತ್ತು. ಅವಳ ಸಂಸಾರಕ್ಕೆ ಇದರಿಂದ ತೊಂದರೆಯಾದೀತೆಂದು ತಂದೆ ರಿಟ್ ಹಾಕಿದರು. 2017ರ ಜನವರಿ 23ರಂದು ನ್ಯಾಯಮೂರ್ತಿ ಆನಂದ ಬೈರಾರೆಡ್ಡಿ ಅವರು, ಅಂತರ್ಜಾಲದಲ್ಲಿ ಹುಡುಕಿದಾಗ ಆಕೆಯ ಹೆಸರು ಕಾಣಿಸದಂತೆ ನೋಡಿಕೊಳ್ಳಲು ರಿಜಿಸ್ಟ್ರಿಗೆ ಸೂಚಿಸಿದರು. ಅದರ ಜತೆಗೆ ಇನ್ನೊಂದು ಮಾತನ್ನೂ ಸ್ಪಷ್ಟಮಾಡಿದರು: ಹೈಕೋರ್ಟಿನ ಸ್ವಂತ ದಾಖಲೆ ಹಾಗೆಯೇ ಇರುತ್ತದೆ, ದೃಢೀಕೃತ ಪ್ರತಿಗೆ ಅರ್ಜಿ ಹಾಕಿದವರಿಗೆ ಹೆಸರಿರುವ ಪ್ರತಿಯೇ ಸಿಗುತ್ತದೆ.

ಈ ಆದೇಶದ ವಿವೇಕ ನನಗೆ ಬಹಳ ಹಿಡಿಸಿದೆ. ಮಂಗಳೂರು ಸಮಾಚಾರ ಹೊರಟ 1843ರಿಂದ ಈ ಜಿಲ್ಲೆಗೆ ಪತ್ರಿಕೆಯ ಬಾಳು ಇದೆ, ಹಳೆಯ ಸಂಚಿಕೆಗಳ ಬೆಲೆ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಿಮ್ಮ ತಾಣದ ಹತ್ತು ವರ್ಷದ ಸುದ್ದಿಯೂ ಮುಂದೆ ಊರಿನ ಚರಿತ್ರೆ ಬರೆಯುವವರಿಗೆ ಬೇಕು. ಅದನ್ನೆಲ್ಲ ಒರಸಿಹಾಕಿ ಎಂದು ನಾನು ಹೇಳುವುದಿಲ್ಲ. ದಾಖಲೆ ನಿಮ್ಮಲ್ಲಿ ಇರಲಿ, ಕಾರಣ ಇದ್ದು ಕೇಳಿಬಂದವರಿಗೆ ಸಿಗಲಿ. ಹೆಸರು ಟೈಪ್ ಮಾಡಿದ ಯಾರಿಗೋ ಅದು ಎದುರಿಗೆ ಬಂದು ನಿಲ್ಲುವುದು ಬೇಡ.

ಹಾಗೆ ಮಾಡುವುದು ಕಷ್ಟವೂ ಅಲ್ಲ. ನಿಮ್ಮಲ್ಲಿ ಹೆಚ್ಚಿನವರ ತಾಣ ವರ್ಡ್‌ಪ್ರೆಸ್‌ನಲ್ಲಿದೆ. ಯೋಸ್ಟ್‌ನಂಥ ಪ್ಲಗಿನ್ ಹಾಕಿದ್ದರೆ ಸುದ್ದಿಯ ಎಡಿಟ್ ಪುಟದ ಕೆಳಗೆ 'ಅಡ್ವಾನ್ಸ್ಡ್' ಎಂಬಲ್ಲಿ, ಈ ಪುಟವನ್ನು ಸರ್ಚ್ ಎಂಜಿನ್‌ಗಳು ತೋರಿಸಬಹುದೇ ಎಂಬ ಪ್ರಶ್ನೆ ಇರುತ್ತದೆ. 'ನೋ' ಒತ್ತಿ ಅಪ್‌ಡೇಟ್ ಮಾಡಿ. ಪುಟದೊಳಗೆ 'ನೋಇಂಡೆಕ್ಸ್' ಎಂಬ ಸೂಚನೆ ಸೇರಿಕೊಳ್ಳುತ್ತದೆ. ಗೂಗಲ್ ಯಂತ್ರ ಮುಂದಿನ ಸಲ ಬಂದು ಓದಿದಾಗ ಆ ಪುಟವನ್ನು ತನ್ನ ಪಟ್ಟಿಯಿಂದ ಬಿಡುತ್ತದೆ. ಕೆಲವೊಮ್ಮೆ ಕೆಲವೇ ದಿನ, ಕೆಲವೊಮ್ಮೆ ವಾರಗಳು ಹಿಡಿಯುತ್ತವೆ. ಬಿಂಗ್ ಕೂಡ ಈ ಸೂಚನೆಯನ್ನು ಪಾಲಿಸುತ್ತದೆ.

ವೆಬ್‌ಸೈಟ್ ಮಾಡಿಕೊಟ್ಟವರಲ್ಲಿ ಕೆಲವರು ಇದರ ಬದಲು 'ರೋಬೋಟ್ಸ್' ಕಡತದಲ್ಲಿ ಆ ಪುಟಕ್ಕೆ ತಡೆ ಹಾಕಿ ಕೆಲಸ ಆಯಿತು ಎನ್ನುತ್ತಾರೆ. ಆಗುವುದಿಲ್ಲ. ತಡೆ ಹಾಕಿದರೆ ಯಂತ್ರ ಪುಟದ ಒಳಗೆ ಬರುವುದೇ ಇಲ್ಲ, ಒಳಗಿರುವ ನೋಇಂಡೆಕ್ಸ್ ಸೂಚನೆಯನ್ನು ಓದುವುದೂ ಇಲ್ಲ. ಹಾಗಾಗಿ ಹಳೆಯ ಲಿಂಕ್ ಪಟ್ಟಿಯಲ್ಲಿ ಉಳಿದುಬಿಡಬಹುದು. ಎರಡನ್ನೂ ಒಟ್ಟಿಗೆ ಹಾಕಬೇಡಿ.

ಪೂರ್ತಿ ಅಳಿಸುವುದಾದರೆ ಫೋಟೊದ ಮೇಲೆ ನಿಗಾ ಇರಲಿ. ಸುದ್ದಿಯನ್ನು ಟ್ರ್ಯಾಶ್‌ಗೆ ಹಾಕಿದರೂ ಅದಕ್ಕೆ ಹಾಕಿದ್ದ ಫೋಟೊ 'ಅಪ್‌ಲೋಡ್ಸ್' ಫೋಲ್ಡರಿನಲ್ಲಿ ಹಾಗೆಯೇ ಇರುತ್ತದೆ. ಆ ಹುಡುಗಿಯ ಮುಖ ಇಮೇಜ್ ಸರ್ಚ್‌ನಲ್ಲಿ ಬರುತ್ತಲೇ ಇರಬಹುದು. ಮೀಡಿಯಾ ಲೈಬ್ರರಿಗೆ ಹೋಗಿ ಅದನ್ನೂ ಅಳಿಸಬೇಕು. ಸುದ್ದಿಯೊಳಗಿನ ಹೆಸರನ್ನಷ್ಟೇ ತೆಗೆಯುವವರು ಲಿಂಕನ್ನೂ ಒಮ್ಮೆ ನೋಡಿ, ಹೆಸರು ಬಹಳ ಸಲ ಅಲ್ಲೇ ಕೂತಿರುತ್ತದೆ. ಅಳಿಸಿದ ಪುಟದ ಲಿಂಕನ್ನು ಮುಖಪುಟಕ್ಕೆ ತಿರುಗಿಸಬೇಡಿ, ಪುಟ ಇಲ್ಲ ಎಂಬ 404 ಅಥವಾ 410 ಉತ್ತರವೇ ಹೋಗಲಿ, ಆಗ ಯಂತ್ರಕ್ಕೆ ಗೊಂದಲವಿಲ್ಲ. ನಿಮ್ಮ ಫೇಸ್‌ಬುಕ್ ಪುಟದ ಪೋಸ್ಟ್, ಯೂಟ್ಯೂಬ್‌ನ ವಿಡಿಯೊ, ನೀವು ಸುದ್ದಿ ಹಂಚಿಕೊಳ್ಳುವ ಆ್ಯಪ್‌ಗಳ ಪ್ರತಿ, ಇವನ್ನೂ ಮರೆಯಬಾರದು.

ಇಷ್ಟು ನೀವು ಮಾಡಿದರೆ ಉಳಿದದ್ದನ್ನು ನಾವು ಮಾಡಿಕೊಳ್ಳುತ್ತೇವೆ. ಮೂಲದಲ್ಲಿ ಪುಟ ಹೋದ ಮೇಲೂ ಗೂಗಲ್‌ನಲ್ಲಿ ಹಳೆಯ ಸಾಲು ಕಾಣುತ್ತಿದ್ದರೆ, ಹಳಸಿದ ಮಾಹಿತಿಯನ್ನು ಹೊಸದು ಮಾಡಿ ಎಂದು ಕೇಳುವ ಒಂದು ಸೌಲಭ್ಯ ಎಲ್ಲರಿಗೂ ಇದೆ. ಲಿಂಕ್ ಹಾಕಿ ಅರ್ಜಿ ಕೊಟ್ಟರೆ ಸಾಕು. ಆದರೆ ಮೂಲ ಪುಟ ಇನ್ನೂ ಜೀವಂತ ಇದ್ದರೆ ಆ ಅರ್ಜಿ ತಿರಸ್ಕೃತವಾಗುತ್ತದೆ. ಆ ತಾಯಿಯ ಮುಂದೆ ಕುಳಿತು ನಾನು ಏನೂ ಮಾಡಲಾಗದೆ ಹೋದದ್ದು ಇದಕ್ಕೇ.

ಇನ್ನು ಹಾಕಲೇಬಾರದ ಸುದ್ದಿಗಳ ಬಗ್ಗೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್, ಸಂತ್ರಸ್ತ ಮಗುವಿನ ಹೆಸರು, ವಿಳಾಸ, ಫೋಟೊ, ಮನೆಯವರ ವಿವರ, ಶಾಲೆ, ನೆರೆಹೊರೆ, ಗುರುತು ಬಿಟ್ಟುಕೊಡುವ ಯಾವುದನ್ನೂ ಪ್ರಕಟಿಸಬಾರದೆನ್ನುತ್ತದೆ. ಅತ್ಯಾಚಾರ ಸಂತ್ರಸ್ತೆಯ ಗುರುತು ಬಯಲು ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ 2 ವರ್ಷದವರೆಗೆ ಸಜೆ ಇದೆ. ಇದು ನಿಮಗೆ ಗೊತ್ತು, ಹೆಸರು ಹಾಕುವುದೂ ಇಲ್ಲ. ಆದರೆ 'ಇಂಥ ಗ್ರಾಮದ, ಇಂಥ ಮನೆಯ ನಿವಾಸಿಯಾದ ಆರೋಪಿ ತನ್ನ ಅಣ್ಣನ ಮಗಳ ಮೇಲೆ' ಎಂದು ಬರೆದ ಮೇಲೆ ಹೆಸರು ಮುಚ್ಚಿ ಏನು ಸಿಕ್ಕಿತು? ನಮ್ಮ ಕಡೆ ಗ್ರಾಮ, ಮನೆ ಹೆಸರು ಎರಡೂ ಇದ್ದರೆ ಊರಿಗೆ ಊರೇ ಗುರುತು ಹಿಡಿಯುತ್ತದೆ. ಚೆನ್ನೈತೋಡಿಯಲ್ಲಾಗಲಿ ವೇಣೂರಿನಲ್ಲಾಗಲಿ ಮನೆ ಹೆಸರೇ ವಿಳಾಸ. ಆರೋಪಿ ಸಂಬಂಧಿಕನಾಗಿದ್ದಾಗ ಅವನ ಹೆಸರೂ ಆ ಮಗುವಿನ ಹೆಸರೇ. ಪೇಟೆಯ ಪತ್ರಿಕೆಗಳ ಅಳತೆ ಇಲ್ಲಿಗೆ ಸಾಲದು. ಇಂಥ ಹಳೆಯ ಸುದ್ದಿಗಳಿಗೆ ನೋಇಂಡೆಕ್ಸ್ ಸಾಕಾಗದು, ಅವನ್ನು ಅಳಿಸಿಯೇ ಹಾಕಿ.

2019ರ ಜುಲೈಯಲ್ಲಿ ಪುತ್ತೂರಿನಲ್ಲಿ ಕಾಲೇಜು ಹುಡುಗಿಯ ಮೇಲಾದ ದೌರ್ಜನ್ಯದ ವಿಡಿಯೊ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡಿದ್ದು ನಮಗೆಲ್ಲ ನೆನಪಿದೆ. ಅಂಥದ್ದು ಯಾರ ಕೈಗಾದರೂ ಬಂದರೆ ಮಾಡಬೇಕಾದ್ದನ್ನು ನಿಮ್ಮ ತಾಣದಲ್ಲಿ ಬರೆಯಿರಿ. 2021ರ ಐಟಿ ನಿಯಮಗಳು, ಸಂತ್ರಸ್ತರೇ ದೂರಿದರೆ ಇಂಥ ಚಿತ್ರವನ್ನು 24 ಗಂಟೆಯೊಳಗೆ ಕಿತ್ತುಹಾಕುವ ಹೊಣೆಯನ್ನು ಜಾಲತಾಣ ಕಂಪನಿಗಳ ಮೇಲೆ ಹೊರಿಸಿದವು. ಕೇಂದ್ರ ಸರಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ಇಂಥ ದೂರು ಕೊಡಬಹುದು. ಚಿತ್ರವನ್ನು ಯಾರಿಗೂ ಕಳಿಸದೆ, ಅದರ ಗುರುತಿನ ಸಂಕೇತವನ್ನಷ್ಟೇ ಕೊಟ್ಟು ದೊಡ್ಡ ಜಾಲತಾಣಗಳಲ್ಲಿ ತಡೆಯುವ 'ಸ್ಟಾಪ್ ಎನ್‌ಸಿಐಐ' ಎಂಬ ಸೇವೆಯೂ ಇದೆ. ನಮ್ಮೂರ ಹೆಣ್ಣುಮಕ್ಕಳಿಗೆ ಇದು ನಿಮ್ಮ ಮೂಲಕವೇ ತಿಳಿಯಬೇಕು.

ಬಂಧನದ ಸುದ್ದಿಗಳದು ಬೇರೆ ಲೆಕ್ಕ. ಅವು ಸಾರ್ವಜನಿಕ ಸಂಗತಿ, ಹಾಕುವುದು ನಿಮ್ಮ ಕೆಲಸ. ಆದರೆ ಬಂಧನವಾದ ದಿನ ಫೋಟೊ ಸಹಿತ ಬಂದ ಸುದ್ದಿಯ ಕೆಳಗೆ, ಎಷ್ಟೋ ವರ್ಷದ ಮೇಲೆ ಬಿ.ಸಿ.ರೋಡಿನ ನ್ಯಾಯಾಲಯದಲ್ಲಿ ಆ ಮನುಷ್ಯ ಖುಲಾಸೆಯಾದದ್ದು ಬರುವುದಿಲ್ಲ. ಮಾದಕ ವಸ್ತು ಪ್ರಕರಣದಲ್ಲಿ ಖುಲಾಸೆಯಾಗಿಯೂ ಅಮೆರಿಕದಲ್ಲಿ ಕೆಲಸ ಸಿಗದೆ ಒದ್ದಾಡುತ್ತಿದ್ದ ವ್ಯಕ್ತಿಯೊಬ್ಬರ ಅರ್ಜಿಯ ಮೇಲೆ 2021ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್, ಅವರ ತೀರ್ಪು ಗೂಗಲ್ ಹುಡುಕಾಟದಲ್ಲಿ ಬಾರದಂತೆ ಮಧ್ಯಂತರ ಆದೇಶ ಕೊಟ್ಟಿತು. 2024ರಲ್ಲಿ ಮದ್ರಾಸ್ ಹೈಕೋರ್ಟ್ ಇಂಥದ್ದೇ ಒಂದು ತೀರ್ಪನ್ನು ಕಾನೂನು ತಾಣವೊಂದರಿಂದ ತೆಗೆಯಲು ಹೇಳಿದಾಗ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ನ್ಯಾಯಾಲಯಗಳೇ ಇನ್ನೂ ಒಂದು ನಿಲುವಿಗೆ ಬಂದಿಲ್ಲ. ಅಲ್ಲಿಯವರೆಗೆ ನಾನು ನಿಮ್ಮನ್ನು ಕೇಳುವುದು ಬಹಳ ಸಣ್ಣದು: ಖುಲಾಸೆಯ ಆದೇಶದ ಪ್ರತಿ ತಂದು ತೋರಿಸಿದರೆ, ಹಳೆಯ ಸುದ್ದಿಯ ಮೊದಲ ಸಾಲಿನಲ್ಲೇ ಅದನ್ನು ಸೇರಿಸಿ, ಫೋಟೊ ತೆಗೆಯಿರಿ. ಕೆಳಗೆ ಬೇಡ, ಮೊದಲ ಸಾಲಿನಲ್ಲೇ ಬರಲಿ. ಗೂಗಲ್‌ನಲ್ಲಿ ಕಾಣುವುದು ಎಷ್ಟೋ ಸಲ ಅದೇ.

ಒಂದು ಆಕ್ಷೇಪ ನಿಮ್ಮಿಂದ ಬಂದೇ ಬರುತ್ತದೆ, ಬರಬೇಕಾದದ್ದೇ. ಇವತ್ತು ಹುಡುಗಿಯ ಫೋಟೊ ತೆಗೆದರೆ ನಾಳೆ ಗುತ್ತಿಗೆದಾರ ಬಂದು ಕಳಪೆ ರಸ್ತೆಯ ಸುದ್ದಿ ತೆಗೆಯಿರಿ ಎನ್ನುತ್ತಾನೆ, ನಾಡಿದ್ದು ರಾಜಕಾರಣಿ ಬರುತ್ತಾನೆ. ಈ ಭಯಕ್ಕೆ ಆಧಾರ ನಮ್ಮ ತಾಲೂಕಿನ ಪಕ್ಕದಲ್ಲೇ ಇದೆ. 2025ರ ಜುಲೈಯಲ್ಲಿ ಧರ್ಮಸ್ಥಳಕ್ಕೆ ಸಂಬಂಧಿಸಿದ ಆರೋಪಗಳ ವಿಚಾರದಲ್ಲಿ ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದು ಸುದ್ದಿ, ವಿಡಿಯೊಗಳ ಲಿಂಕು ತೆಗೆಯುವಂತೆ ಏಕಪಕ್ಷೀಯ ಮಧ್ಯಂತರ ಆದೇಶ ಕೊಟ್ಟಿತು. ಅದರ ವ್ಯಾಪ್ತಿಗೆ ಬಂದ ಲಿಂಕುಗಳು 8,842. ಯೂಟ್ಯೂಬ್ ಚಾನೆಲ್ ಒಂದು ಹೈಕೋರ್ಟಿಗೆ ಹೋಯಿತು, ಆಗಸ್ಟ್ 1ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಆ ಚಾನೆಲ್ ಮಟ್ಟಿಗೆ ಆದೇಶವನ್ನು ರದ್ದುಗೊಳಿಸಿ ಮರುವಿಚಾರಣೆಗೆ ಕಳಿಸಿದರು. ಆ ಪ್ರಕರಣದ ಸರಿತಪ್ಪಿನ ಬಗ್ಗೆ ನಾನಿಲ್ಲಿ ಏನೂ ಹೇಳುವುದಿಲ್ಲ. ಎದುರು ಪಕ್ಷದ ಮಾತು ಕೇಳುವ ಮೊದಲೇ ಸಾವಿರಗಟ್ಟಲೆ ಲಿಂಕು ಇಲ್ಲವಾಗಬಹುದೆಂಬುದನ್ನು ಮಾತ್ರ ನಾವು ಕಣ್ಣಾರೆ ಕಂಡೆವು. ಅಂಥ ಒತ್ತಡ ಬಂದಾಗ ನೀವು ಬಗ್ಗಬಾರದು. ಬಗ್ಗದಿರುವವರ ಜತೆ ಓದುಗನಾಗಿ ನಾನೂ ನಿಲ್ಲುತ್ತೇನೆ.

ಆದರೆ ಹುಡುಗಿಯ ಫೋಟೊವನ್ನೂ ಗುತ್ತಿಗೆದಾರನ ಸುದ್ದಿಯನ್ನೂ ಬೇರೆ ಮಾಡುವುದು ಅಷ್ಟು ಕಷ್ಟವೇ? ಸಾರ್ವಜನಿಕ ಹಣ, ಅಧಿಕಾರ, ಹುದ್ದೆ ಇದ್ದಲ್ಲಿ ಸುದ್ದಿ ಉಳಿಯಬೇಕು, ಎಷ್ಟೇ ಹಳತಾಗಲಿ. ಕಳಪೆ ರಸ್ತೆ ಮಾಡಿದವನ ಹೆಸರನ್ನು ಮುಂದಿನ ಟೆಂಡರ್ ಹೊತ್ತಿಗೂ ಜನ ಹುಡುಕಬೇಕು. ಮನೆ ಬಿಟ್ಟು ಹೋಗಿ ಬಂದ ಹುಡುಗಿ, ಅಪಘಾತದಲ್ಲಿ ರಸ್ತೆ ಮೇಲೆ ಬಿದ್ದಿದ್ದವರ ಫೋಟೊ, ಆತ್ಮಹತ್ಯೆ ಮಾಡಿಕೊಂಡವರ ಮನೆಯವರು, ಜಗಳದ ದೂರು ಕೊಟ್ಟು ಆಮೇಲೆ ರಾಜಿಯಾದ ಗಂಡ ಹೆಂಡತಿ, ಇವರ ಕೈಯಲ್ಲಿ ಯಾವ ಅಧಿಕಾರವಿದೆ? ಅವರ ಸುದ್ದಿ ಗೂಗಲ್‌ನಲ್ಲಿ ಉಳಿಯುವುದರಿಂದ ಊರಿಗೆ ಯಾವ ಉಪಯೋಗವಿದೆ? ಸುದ್ದಿಯ ಮೌಲ್ಯವನ್ನು ತೂಗುವುದು ನಿಮ್ಮ ದಿನನಿತ್ಯದ ಕಸುಬು. ಪ್ರಕಟಿಸುವ ದಿನ ತೂಗಿದ್ದನ್ನೇ ಎರಡು ವರ್ಷದ ಮೇಲೆ ಇನ್ನೊಮ್ಮೆ ತೂಗಿ ನೋಡಿ ಎನ್ನುತ್ತಿದ್ದೇನೆ.

ಕಾನೂನು ಕೂಡ ಈ ಕಡೆಗೇ ಬರುತ್ತಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ ಪ್ರಕರಣದ ಅರ್ಜಿದಾರರು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 12ನೇ ಸೆಕ್ಷನ್, ತಾವು ಒಪ್ಪಿಗೆ ಕೊಟ್ಟಿದ್ದ ಮಾಹಿತಿಯನ್ನು ತಿದ್ದಿಸುವ, ಅಳಿಸುವಂತೆ ಕೇಳುವ ಹಕ್ಕನ್ನು ಜನರಿಗೆ ಕೊಡುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಹಂತಹಂತವಾಗಿ ಜಾರಿಗೆ ಬರುವ ಹಾಗಿವೆ. ಹಿಂದಿನ ಕರಡುಗಳಲ್ಲಿ ಪತ್ರಿಕಾ ಕೆಲಸಕ್ಕೆಂದು ಇದ್ದ ವಿನಾಯಿತಿ ಈ ಕಾಯ್ದೆಯಲ್ಲಿ ಇಲ್ಲ. ಇದು ಪತ್ರಕರ್ತರಿಗೆ ಆತಂಕದ ವಿಷಯ, ಅವರ ಆತಂಕ ನ್ಯಾಯವಾದದ್ದು. ಆದರೆ ನಾಳೆ ನೋಟಿಸು ಕೈಗೆ ಬಂದ ಮೇಲೆ ಹೆದರಿ ಎಲ್ಲವನ್ನೂ ಅಳಿಸುವುದಕ್ಕಿಂತ, ಯಾವುದನ್ನು ತೆಗೆಯುತ್ತೇವೆ, ಯಾವುದನ್ನು ಯಾರು ಹೇಳಿದರೂ ತೆಗೆಯುವುದಿಲ್ಲ ಎಂದು ಇವತ್ತೇ ಬರೆದಿಟ್ಟ ತಾಣಕ್ಕೆ ಹೆಚ್ಚು ಬಲ ಇರುತ್ತದೆ.

ಆದ್ದರಿಂದ ದಯವಿಟ್ಟು ಹೀಗೆ ಮಾಡಿ. ತಾಣದ ಅಡಿಯಲ್ಲಿ, ಹಳೆಯ ಸುದ್ದಿ ತಿದ್ದಬೇಕಿದ್ದರೆ, ತೆಗೆಯಬೇಕಿದ್ದರೆ ಯಾರಿಗೆ ಬರೆಯಬೇಕು ಎಂದು ಕನ್ನಡದಲ್ಲಿ ಒಂದು ಸಾಲು, ಒಂದು ಮೇಲ್ ವಿಳಾಸ ಹಾಕಿ. ಹಣ ಕೇಳಬೇಡಿ. ತೆಗೆಯಲು ಹಣ ಕೇಳಿದ ದಿನ ಹಾಕುವುದಕ್ಕೂ ಹಣವಿದೆ ಎಂದು ಜನ ತಿಳಿಯುತ್ತಾರೆ. ಕಾಣೆ ಪ್ರಕಟಣೆ ಹಾಕುವಾಗಲೇ ಕೊನೆಯಲ್ಲಿ 'ಪತ್ತೆಯಾದ ಕೂಡಲೇ ನಮಗೂ ತಿಳಿಸಿ, ಈ ಪುಟ ತೆಗೆಯುತ್ತೇವೆ' ಎಂದು ಸೇರಿಸಿ. ಠಾಣೆಯಿಂದ ಪ್ರಕಟಣೆ ಕಳಿಸುವವರನ್ನೂ, ಸಿಕ್ಕಿದ ವಿಷಯವನ್ನು ಅದೇ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ ಎಂದು ಕೇಳಿಕೊಳ್ಳಿ. ಈಗ ಇರುವ ಹಳೆಯವನ್ನು ಹುಡುಕುವುದು ಸುಲಭ, ಡ್ಯಾಶ್‌ಬೋರ್ಡಿನ ಹುಡುಕುಪಟ್ಟಿಯಲ್ಲಿ 'ನಾಪತ್ತೆ', 'ಕಾಣೆ' ಎಂದು ಹಾಕಿದರೆ ಸಾಲಾಗಿ ಬರುತ್ತವೆ. ಇನ್ನೂ ಪತ್ತೆಯಾಗದವರದು ಅದರಲ್ಲಿ ಇರಬಹುದು, ಅವರದನ್ನು ಮುಟ್ಟಬೇಡಿ. ಅನುಮಾನ ಇದ್ದರೆ ಠಾಣೆಗೊಂದು ಫೋನು ಮಾಡಿ.

ನಿಮ್ಮಲ್ಲಿ ಕೆಲವರು ಒಬ್ಬರೇ ಸುದ್ದಿ ತಂದು, ಒಬ್ಬರೇ ಬರೆದು, ಒಬ್ಬರೇ ಜಾಹೀರಾತಿಗೂ ಓಡಾಡುವವರು. ವೆಬ್‌ಸೈಟಿನ ಒಳಗಿನ ಕೆಲಸಕ್ಕೆ ಪುರುಸೊತ್ತಾಗಲಿ ಮನುಷ್ಯರಾಗಲಿ ಇಲ್ಲದಿದ್ದರೆ ವಾಮದಪದವಿಗೆ ಬನ್ನಿ. ಭಾನುವಾರ ಮಧ್ಯಾಹ್ನದ ಮೇಲೆ ಅಂಗಡಿಯಲ್ಲಿ ಗಿರಾಕಿ ಕಡಿಮೆ. ಲಾಗಿನ್, ಪಾಸ್‌ವರ್ಡ್ ನಿಮ್ಮ ಕೈಯಲ್ಲೇ ಇರಲಿ, ನಾನು ಪಕ್ಕದಲ್ಲಿ ಕುಳಿತು ಎಲ್ಲಿ ಒತ್ತಬೇಕೆಂದು ತೋರಿಸುತ್ತೇನೆ. ಶುಲ್ಕ ಏನೂ ಬೇಡ.

ಇಂತಿ ನಿಮ್ಮ,
ದಿನವೂ ನಿಮ್ಮ ಸುದ್ದಿ ಓದುವ ವಾಮದಪದವಿನ ಒಬ್ಬ ಅಂಗಡಿಯವ